ಬೇಸಗೆಯ ರಜೆಯೂ ಮಕ್ಕಳ ಕಲಿಕೆಯೂ

ಮಾರ್ಚ್ ತಿಂಗಳ ಕೊನೆಗೆ ಮುಚ್ಚಿದ ಶಾಲೆಯ ಬಾಗಿಲು ತಿರುಗಿ ತೆರೆಯುವುದು ಜೂನ್ ತಿಂಗಳ ಆರಂಭದಲ್ಲಿ. ನಡುವೆ ಸುಮಾರು ೬೦ ದಿನಗಳು. ಈ ದಿನಗಳನ್ನು ಮಕ್ಕಳು ಹಬ್ಬವೆಂದೂ, ಹೆತ್ತವರು ಉಪದ್ರವವೆಂದೂ, ಅಧ್ಯಾಪಕರು ವಿಶ್ರಾಂತಿಯೆಂದೂ ತಿಳಿಯುವುದು ವಾಡಿಕೆ. ಆದರೆ ಜೂನ್ ತಿಂಗಳ ಮೊದಲ ವಾರದಲ್ಲಿ ತರಗತಿಯೊಳಗೆ ಕಾಲಿಟ್ಟ ಯಾವ ಅಧ್ಯಾಪಕನಿಗೂ ಒಂದು ಸಂಗತಿ ಗಮನಕ್ಕೆ ಬಾರದೆ ಇರದು. ಮಾರ್ಚ್‌ನಲ್ಲಿ ನಿರರ್ಗಳವಾಗಿ ಓದುತ್ತಿದ್ದ ಹುಡುಗಿ ಈಗ ಒತ್ತಕ್ಷರದ ಮುಂದೆ ನಿಂತು ತಡವರಿಸುತ್ತಾಳೆ. ಏಳರ ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ ಹುಡುಗ ‘ಏಳೆಂಟು ಎಷ್ಟು?’ ಎಂದರೆ ಮಾಡು ನೋಡುತ್ತಾನೆ. ೬೧೨ನ್ನು ೬ರಿಂದ ಭಾಗಿಸಲು ಹೇಳಿದರೆ ನಡುವಿನ ಸೊನ್ನೆಯನ್ನು ನುಂಗಿ ೧೦೨ರ ಬದಲು ೧೨ ಎಂದು ಬರೆಯುತ್ತಾನೆ. ‘ಮಾಷ್ಟ್ರೇ, ಇವನು ಕಲಿತದ್ದೆಲ್ಲ ಮರೆತುಬಿಟ್ಟಿದ್ದಾನೆ’ ಎಂದು ತಾಯಿ ದೂರುತ್ತಾಳೆ. ಈ ಮರೆವು ಏತರದು, ಅದನ್ನು ತಡೆಯಲು ಮನೆಯೂ ಶಾಲೆಯೂ ಏನು ಮಾಡಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮರೆವಿನ ರೀತಿ

ಮರೆವನ್ನು ಶಾಸ್ತ್ರೀಯವಾಗಿ ಅಳೆಯಲು ಮೊದಲು ಹೊರಟವರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಪ್ರಮುಖರು. ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಕಾಲ ಕಳೆದಂತೆ ಎಷ್ಟು ಉಳಿಯಿತೆಂಬುದನ್ನು ಪರೀಕ್ಷಿಸಿ, ೧೮೮೫ರಲ್ಲಿ ಅವರು ಅದರ ಫಲವನ್ನು ಪ್ರಕಟಿಸಿದರು. ಒಂದು ದಿನ ಕಳೆಯುವಾಗ ಉಳಿದದ್ದು ಸುಮಾರು ಮೂರರಲ್ಲೊಂದು ಪಾಲು. ಒಂದು ತಿಂಗಳು ಕಳೆಯುವಾಗ ಸುಮಾರು ಐದರಲ್ಲೊಂದು ಪಾಲು. ಎಂದರೆ ಮರೆವು ಮೊದಲು ವೇಗವಾಗಿಯೂ ಅನಂತರ ನಿಧಾನವಾಗಿಯೂ ನಡೆಯುತ್ತದೆ. ಅರ್ಥವುಳ್ಳ ಪಾಠ ಇಷ್ಟು ಬೇಗನೆ ಅಳಿಯುವುದಿಲ್ಲವೆಂಬುದು ನಿಜ. ಆದರೂ ಅವರ ಇನ್ನೊಂದು ಮಾತು ನಮಗೆ ಹೆಚ್ಚು ಬೆಲೆಯುಳ್ಳದ್ದು: ಮರೆತದ್ದನ್ನು ಎರಡನೆಯ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಡ. ಮರೆತಂತೆ ಕಾಣುವುದು ಪೂರ್ತಿಯಾಗಿ ಹೋಗಿರುವುದಿಲ್ಲ. ಬೂದಿಯಡಿಯ ಕೆಂಡದಂತೆ ಒಳಗೆ ಇರುತ್ತದೆ.

ಬೇಸಗೆಯ ರಜೆಯ ಕುರಿತಾಗಿಯೇ ಅಮೇರಿಕದಲ್ಲಿ ಅನೇಕ ಅಧ್ಯಯನಗಳು ನಡೆದಿವೆ. ೧೯೯೬ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಅವರ ಸಂಗಡಿಗರು ಅಂಥ ೩೯ ಅಧ್ಯಯನಗಳನ್ನು ಕೂಡಿಸಿ ನೋಡಿ, ರಜೆಯ ಅವಧಿಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆಂದು ಹೇಳಿದರು. ಓದಿಗಿಂತ ಲೆಕ್ಕದಲ್ಲಿ ನಷ್ಟ ಹೆಚ್ಚು. ಅದರಲ್ಲಿಯೂ ಕೂಡು-ಕಳೆ-ಗುಣಿಸು-ಭಾಗಿಸು ಎಂಬ ಕ್ರಿಯೆಗಳಲ್ಲಿ ಮತ್ತು ಕಾಗುಣಿತದಲ್ಲಿ ನಷ್ಟ ಎದ್ದು ಕಾಣುತ್ತದೆ. ಓದಿನಲ್ಲಿಯಾದರೋ ಅನುಕೂಲಸ್ಥರ ಮಕ್ಕಳು ಹಿಂದೆ ಬೀಳದಿದ್ದಾಗಲೂ ಬಡವರ ಮಕ್ಕಳು ಹಿಂದೆ ಬಿದ್ದರು. ಈ ಅಂಕಿಗಳನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಯ ಅಳತೆಗೋಲು ಬದಲಾದರೆ ಫಲವೂ ಬದಲಾಗುತ್ತದೆ ಎಂದು ೨೦೧೯ರಲ್ಲಿ ಪಾಲ್ ಫಾನ್ ಹಿಪ್ಪೆಲ್ ಎಂಬ ವಿದ್ವಾಂಸರು ತೋರಿಸಿದ್ದಾರೆ. ನಷ್ಟ ಎಷ್ಟೆಂಬುದರಲ್ಲಿ ವಾದವಿದ್ದರೂ, ಎರಡು ತಿಂಗಳು ಬಳಸದ ವಿದ್ಯೆ ಮುಂದೆ ಸಾಗುವುದಿಲ್ಲವೆಂಬುದರಲ್ಲಿ ವಾದವಿಲ್ಲ.

ನಮ್ಮ ದೇಶದಲ್ಲಿ ಕೊರೋನ ವ್ಯಾಧಿಯ ಕಾಲದಲ್ಲಿ ಶಾಲೆಗಳು ಬಹುಕಾಲ ಮುಚ್ಚಿದಾಗ ಈ ಸಂಗತಿ ದೊಡ್ಡ ಅಕ್ಷರಗಳಲ್ಲಿ ಕಾಣಿಸಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ ೧೬,೦೬೭ ಮಕ್ಕಳನ್ನು ಪರೀಕ್ಷಿಸಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು, ನೂರಕ್ಕೆ ೯೨ ಮಕ್ಕಳು ಹಿಂದಿನ ವರ್ಷ ಬಲ್ಲವರಾಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ನೂರಕ್ಕೆ ೮೨ ಮಕ್ಕಳು ಗಣಿತ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರೆಂದು ೨೦೨೧ರಲ್ಲಿ ಪ್ರಕಟಿಸಿತು. ಎರಡು ತಿಂಗಳ ರಜೆಯನ್ನು ಆ ದೀರ್ಘ ವಿಪತ್ತಿಗೆ ಹೋಲಿಸುವುದು ಸರಿಯಲ್ಲ; ಆದರೆ ಎರಡರ ಹಿಂದೆಯೂ ಇರುವ ಕಾರಣ ಒಂದೇ.

ಗಡಿನಾಡಿನ ಮಗುವಿನ ವಿಶೇಷ ಸ್ಥಿತಿ

ಬೆಂಗಳೂರು ಮೈಸೂರುಗಳ ಮಗುವಿಗೆ ಶಾಲೆ ಮುಚ್ಚಿದರೂ ಕನ್ನಡ ಮುಚ್ಚುವುದಿಲ್ಲ. ಬಸ್ಸಿನ ಹಲಗೆ, ಅಂಗಡಿಯ ಹೆಸರು, ಗೋಡೆಯ ಜಾಹೀರಾತು ಎಲ್ಲವೂ ಅದಕ್ಕೆ ದಿನಕ್ಕೆ ಹತ್ತು ಬಾರಿ ಅಕ್ಷರಗಳನ್ನು ನೆನಪಿಸುತ್ತವೆ. ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಸ್ಥಿತಿ ಬೇರೆ. ಸಪ್ತಭಾಷೆಗಳ ನಾಡೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಇಲ್ಲಿ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ತುಳುವನ್ನೋ, ಕೊಂಕಣಿಯನ್ನೋ, ಮರಾಠಿಯನ್ನೋ, ಹವ್ಯಕ ಕನ್ನಡವನ್ನೋ, ಬ್ಯಾರಿ ಭಾಷೆಯನ್ನೋ, ಮಲೆಯಾಳವನ್ನೋ ಆಡುತ್ತದೆ. ಪೇಟೆಗೆ ಹೋದರೆ ಕಣ್ಣಿಗೆ ಬೀಳುವ ಅಕ್ಷರಗಳು ಬಹುಮಟ್ಟಿಗೆ ಮಲೆಯಾಳದವು, ಇಲ್ಲವೆ ಇಂಗ್ಲಿಷಿನವು. ಹೀಗಿರಲು ಗ್ರಾಂಥಿಕ ಕನ್ನಡದೊಂದಿಗೆ ಆ ಮಗುವಿಗಿರುವ ಮುಖ್ಯ ಸಂಬಂಧ ಶಾಲೆಯೇ. ಶಾಲೆ ಮುಚ್ಚಿತೆಂದರೆ ಆ ಸಂಬಂಧವೂ ಎರಡು ತಿಂಗಳು ಕಡಿದಂತೆ.

ಇದರ ಪರಿಣಾಮ ಮಗುವಿನ ಅಂಕಪಟ್ಟಿಯಲ್ಲಿಯೇ ನಿಲ್ಲುವುದಿಲ್ಲ. ಜೂನ್‌ನಲ್ಲಿ ಮಗು ತಡವರಿಸುವುದನ್ನು ಕಂಡ ತಂದೆ, ರಜೆಯ ದೋಷವನ್ನು ಶಾಲೆಯ ದೋಷವೆಂದೂ, ಶಾಲೆಯ ದೋಷವನ್ನು ಕನ್ನಡದ ದೋಷವೆಂದೂ ತಿಳಿದು, ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಯೋಚನೆ ಮಾಡುತ್ತಾನೆ. ಶಾಲೆ ತೆರೆದ ಆರನೆಯ ಕೆಲಸದ ದಿನ ತರಗತಿಯಲ್ಲಿರುವ ತಲೆಗಳನ್ನು ಎಣಿಸಿ ಅಧ್ಯಾಪಕರ ಸಂಖ್ಯೆಯನ್ನು ನಿಶ್ಚಯಿಸುವ ಕ್ರಮ ನಮ್ಮ ರಾಜ್ಯದಲ್ಲಿದೆ. ನಾಲ್ಕು ಮಕ್ಕಳು ಹೋದರೆ ಒಂದು ವಿಭಾಗ ಹೋಗಬಹುದು. ವಿಭಾಗ ಹೋದರೆ ಒಬ್ಬ ಅಧ್ಯಾಪಕನ ಹುದ್ದೆ ಹೋಗುತ್ತದೆ. ಉಳಿದ ಮಕ್ಕಳ ಪಾಠ ಇನ್ನಷ್ಟು ಸೊರಗುತ್ತದೆ. ಆದುದರಿಂದ ರಜೆಯಲ್ಲಿ ಮಗುವಿನ ಓದನ್ನು ಕಾಪಾಡುವುದು ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನೇ ಕಾಪಾಡುವ ಕೆಲಸಗಳಲ್ಲಿ ಒಂದಾಗಿದೆ.

ಮೊದಲು ವಿಶ್ರಾಂತಿ, ಆಮೇಲೆ ಅಭ್ಯಾಸ

ಹಾಗೆಂದು ರಜೆಯನ್ನೇ ಶಾಲೆಯನ್ನಾಗಿ ಮಾಡಬೇಕೆಂದು ನಾವು ಹೇಳುವುದಿಲ್ಲ. ಮಗುವಿಗೆ ಆಟ ಬೇಕು, ಅಜ್ಜನ ಮನೆ ಬೇಕು, ಮಾವಿನ ಮರದ ನೆರಳು ಬೇಕು. ಏಪ್ರಿಲ್ ೧ರಿಂದ ವಿಷು ಹಬ್ಬ ಕಳೆಯುವ ತನಕ ಪುಸ್ತಕವನ್ನು ಮುಟ್ಟದಿದ್ದರೂ ಬಾಧಕವಿಲ್ಲ. ವಿಷುವಿನ ಅನಂತರ ಮೇ ತಿಂಗಳ ಕೊನೆಯವರೆಗೆ ಆರು ವಾರಗಳು ದೊರೆಯುತ್ತವೆ. ವಾರಕ್ಕೆ ಐದು ದಿನ, ದಿನಕ್ಕೆ ೪೦ ನಿಮಿಷ, ಬಿಸಿಲು ಏರುವ ಮುಂಚೆ ಬೆಳಗ್ಗೆ ಕುಳಿತರೆ ಸಾಕು. ಓದಿಗೆ ೧೫ ನಿಮಿಷ, ಬರಹಕ್ಕೆ ೧೦ ನಿಮಿಷ, ಲೆಕ್ಕಕ್ಕೆ ೧೫ ನಿಮಿಷ. ಆರು ವಾರಗಳಿಗೆ ೩೦ ದಿನ, ೧,೨೦೦ ನಿಮಿಷ, ಎಂದರೆ ಇಡೀ ರಜೆಯಲ್ಲಿ ಇಪ್ಪತ್ತೇ ಗಂಟೆ. ಇಷ್ಟನ್ನು ಕೇಳಿದರೆ ರಜೆಯ ಸುಖಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಾರರು.

ಆದರೆ ಇದೇ ಇಪ್ಪತ್ತು ಗಂಟೆಗಳನ್ನು ಮೇ ತಿಂಗಳ ಕೊನೆಯ ನಾಲ್ಕು ದಿನಗಳಿಗೆ ಐದೈದು ಗಂಟೆಯಂತೆ ತುರುಕಿದರೆ ಫಲ ಸಿಗದು. ಒಂದೇ ದಿನ ಹತ್ತು ಕೊಡ ನೀರು ಹೊಯ್ದು ಒಂಬತ್ತು ದಿನ ಸುಮ್ಮನಿದ್ದರೆ ಬಸಳೆಯ ಬಳ್ಳಿ ಹಬ್ಬುವುದೇ? ನೆನಪಿಗೂ ಅದೇ ನಿಯಮ. ಬಿಡುವು ಕೊಟ್ಟು ಕೊಟ್ಟು ಮಾಡಿದ ಅಭ್ಯಾಸ ಹೆಚ್ಚು ಕಾಲ ನಿಲ್ಲುತ್ತದೆಂಬುದು ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಸ್ಥಿರಪಟ್ಟ ಸಂಗತಿ. ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಲು ಯತ್ನಿಸಿದವರಲ್ಲಿ ಒಂದು ವಾರದ ಅನಂತರ ಹೆಚ್ಚು ಉಳಿದಿತ್ತೆಂದು ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ತೋರಿಸಿದರು. ‘ಓದಿದೆಯಾ?’ ಎಂಬುದಕ್ಕಿಂತ ‘ಏನು ಓದಿದೆ, ಹೇಳು ನೋಡೋಣ’ ಎಂಬುದು ಒಳ್ಳೆಯ ಪ್ರಶ್ನೆ.

ಓದು

ಪಾಠಪುಸ್ತಕವನ್ನೇ ತಿರುಗಿ ಓದಿಸಬೇಕಾಗಿಲ್ಲ. ಮಗು ತಾನೇ ಆರಿಸಿದ ಕತೆಪುಸ್ತಕವಾದರೆ ಉತ್ತಮ. ಅಮೇರಿಕದ ಫ್ಲೋರಿಡಾ ಪ್ರಾಂತದಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಅವರ ಸಂಗಡಿಗರು ಬಡ ಮಕ್ಕಳಿಗೆ ಮೂರು ಬೇಸಗೆಗಳಲ್ಲಿ, ಬೇಸಗೆಗೆ ಸುಮಾರು ೧೨ರಂತೆ, ಮಕ್ಕಳೇ ಆರಿಸಿದ ಪುಸ್ತಕಗಳನ್ನು ಕೊಟ್ಟು ನೋಡಿದರು. ಪುಸ್ತಕ ದೊರೆಯದ ಮಕ್ಕಳಿಗಿಂತ ಇವರು ಓದಿನಲ್ಲಿ ಮುಂದಿದ್ದರೆಂದು ೨೦೧೦ರಲ್ಲಿ ಪ್ರಕಟಿಸಿದರು. ಪಂಜೆ ಮಂಗೇಶರಾಯರ ಮಕ್ಕಳ ಕತೆಗಳು ಕೆಳತರಗತಿಯವರಿಗೂ, ಶಿವರಾಮ ಕಾರಂತರ ‘ಬಾಲಪ್ರಪಂಚ’ ಮೇಲ್ತರಗತಿಯವರಿಗೂ ಇಂದಿಗೂ ರುಚಿಸುವಂಥವು. ಕನ್ನಡ ದಿನಪತ್ರಿಕೆ ಬರುವ ಮನೆಯಾದರೆ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಬಹುದು.

‘ನಮಗೇ ಕನ್ನಡ ಓದಲು ಬಾರದು, ನಾವೇನು ಸಹಾಯ ಮಾಡುವುದು?’ ಎಂದು ಕೇಳುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ನಮ್ಮ ಉತ್ತರವಿಷ್ಟೆ: ಬೀಡಿ ಕಟ್ಟುತ್ತಲೋ ಅಡಿಕೆ ಸುಲಿಯುತ್ತಲೋ ಕುಳಿತಿರುವಾಗ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿ ಓದಿಸಿರಿ. ಓದಿ ಮುಗಿದ ಮೇಲೆ ಕತೆಯನ್ನು ನಿಮ್ಮ ಮನೆಮಾತಿನಲ್ಲಿ ಹೇಳಲು ಕೇಳಿರಿ. ಕನ್ನಡದಲ್ಲಿ ಓದಿದ್ದನ್ನು ತುಳುವಿನಲ್ಲಿಯೋ ಮಲೆಯಾಳದಲ್ಲಿಯೋ ಹೇಳಬೇಕಾದರೆ ಮಗು ಅರ್ಥವನ್ನು ಹಿಡಿಯಲೇಬೇಕು. ಬರಿಯ ಗಿಳಿಪಾಠದಿಂದ ಅದು ಸಾಧ್ಯವಿಲ್ಲ. ಅಕ್ಷರ ಅರಿಯದ ತಾಯಿಯೂ ಹೀಗೆ ಒಳ್ಳೆಯ ಪರೀಕ್ಷಕಿಯಾಗಬಲ್ಲಳು. ಮನೆಮಾತು ಶಾಲೆಯ ಕನ್ನಡಕ್ಕೆ ಶತ್ರುವೆಂದು ಯಾರೂ ಭಾವಿಸಬಾರದು.

ಬರಹ

ನಮ್ಮ ಮಕ್ಕಳ ಬರಹದಲ್ಲಿ ಮುಖ್ಯವಾಗಿ ಮೂರು ಬಗೆಯ ತಪ್ಪುಗಳು ಕಾಣುತ್ತವೆ: ದೀರ್ಘವನ್ನು ಬಿಡುವುದು, ಒತ್ತಕ್ಷರವನ್ನು ತಪ್ಪುವುದು, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ಬರೆಯುವುದು. ಮನೆಮಾತಿನಲ್ಲಿ ಮಹಾಪ್ರಾಣಕ್ಕೆ ಒತ್ತು ಇಲ್ಲದ ಮಗು ‘ಭಾಷೆ’ಯನ್ನು ‘ಬಾಷೆ’ ಎಂದು ಬರೆದರೆ ಅದು ದಡ್ಡತನವಲ್ಲ. ಕಿವಿಗೆ ಕೇಳಿದ್ದನ್ನು ಕೈ ಬರೆಯಿತು, ಅಷ್ಟೆ. ಇದಕ್ಕೆ ಮದ್ದು ನಮ್ಮ ನೆಲದಲ್ಲಿಯೇ ಇದೆ. ಅದೇ ಯಕ್ಷಗಾನ.

ಕುಂಬಳೆಯ ಪಾರ್ತಿಸುಬ್ಬನ ಈ ನಾಡಿನಲ್ಲಿ ಮನೆಮಾತು ಯಾವುದೇ ಇರಲಿ, ಮಗುವಿಗೆ ಶುದ್ಧವಾದ ಗ್ರಾಂಥಿಕ ಕನ್ನಡ ಕಿವಿಯ ಮೂಲಕ ದೊರೆಯುವ ಸ್ಥಳ ಆಟದ ರಂಗಸ್ಥಳ ಮತ್ತು ತಾಳಮದ್ದಳೆಯ ಚಾವಡಿ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆ ಬರುವುದು ಮೇ ತಿಂಗಳ ಕೊನೆಗಾದ್ದರಿಂದ ರಜೆಯ ಬಹುಪಾಲು ದಿನಗಳಲ್ಲಿ ಆಟಗಳಿರುತ್ತವೆ. ಆಟ ನೋಡಿ ಬಂದ ಮಗುವಿನಿಂದ ಮರುದಿನ ಎರಡು ಕೆಲಸ ಮಾಡಿಸಬಹುದು. ಒಂದು, ಪ್ರಸಂಗದ ಪಾತ್ರಗಳ ಹೆಸರುಗಳನ್ನು ಬರೆಸುವುದು. ಭೀಷ್ಮ, ದುರ್ಯೋಧನ, ಘಟೋತ್ಕಚ, ಧೃತರಾಷ್ಟ್ರ ಎಂಬ ನಾಲ್ಕು ಹೆಸರುಗಳನ್ನು ತಪ್ಪಿಲ್ಲದೆ ಬರೆದ ಮಗು ಮಹಾಪ್ರಾಣಗಳನ್ನೂ, ಒತ್ತಕ್ಷರಗಳನ್ನೂ, ಋಕಾರವನ್ನೂ ಒಂದೇ ಸಲಕ್ಕೆ ಅಭ್ಯಾಸ ಮಾಡಿದಂತಾಯಿತು. ಇನ್ನೊಂದು, ಕತೆಯನ್ನು ಎಂಟು ವಾಕ್ಯಗಳಲ್ಲಿ ಬರೆಸುವುದು. ತಪ್ಪಿದ ಶಬ್ದಗಳ ಕೆಳಗೆ ಗೆರೆ ಎಳೆದು ಮೂರನೆಯ ದಿನ ಅವನ್ನು ಉಕ್ತಲೇಖನವಾಗಿ ಕೊಡಬೇಕು. ಕನ್ನಡ ಬಲ್ಲ ಅಣ್ಣನೋ ಅಕ್ಕನೋ ಮನೆಯಲ್ಲಿದ್ದರೆ ಇದಕ್ಕೆ ಅಧ್ಯಾಪಕರೇ ಬೇಕೆಂದಿಲ್ಲ.

ಆಟವಿಲ್ಲದ ವಾರ ಕಾಗದ ಬರೆಸಬಹುದು. ಸೋದರಮಾವನಿಗೆ ಬರೆದ ನಿಜವಾದ ಕಾಗದ, ನಿಜವಾಗಿ ಅಂಚೆಗೆ ಬಿದ್ದು, ನಿಜವಾದ ಉತ್ತರ ತಂದರೆ, ಹತ್ತು ಪುಟ ಕಾಪಿ ಬರೆದುದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಲೆಕ್ಕ

ರಜೆಯಲ್ಲಿ ಹೆಚ್ಚು ತುಕ್ಕು ಹಿಡಿಯುವುದು ಲೆಕ್ಕ. ಕಾರಣ ಸುಲಭ: ಓದನ್ನು ಮಗು ಆಗೀಗ ಬಳಸಿದರೂ ಭಾಗಾಕಾರವನ್ನು ಯಾರೂ ಕೇಳುವುದಿಲ್ಲ. ಆದರೆ ನಮ್ಮ ಹಳ್ಳಿಯ ಬೇಸಗೆ ಲೆಕ್ಕಗಳಿಂದ ತುಂಬಿದೆ. ಹೆಕ್ಕಿದ ಗೇರುಬೀಜ ೩ ಕಿಲೋ ೭೫೦ ಗ್ರಾಮ್. ಕಿಲೋವಿಗೆ ೧೨೦ ರೂಪಾಯಿ ಎಂದಿರಲಿ. ಅಂಗಡಿಯವನು ಕೊಡಬೇಕಾದದ್ದು ಎಷ್ಟು? ೪೫೦ ರೂಪಾಯಿ ಎಂದು ಮಗು ತೂಗುವ ಮೊದಲೇ ಬಾಯಿಲೆಕ್ಕದಲ್ಲಿ ಹೇಳಲಿ. ಅಜ್ಜಿ ಒತ್ತಿದ ಹಲಸಿನ ಹಪ್ಪಳ ೨೪೦. ೨೫ರ ಕಟ್ಟು ಮಾಡಿದರೆ ೯ ಕಟ್ಟು, ಮಿಕ್ಕದ್ದು ೧೫. ಶೇಷವೆಂದರೇನೆಂಬುದು ಇದಕ್ಕಿಂತ ಚೆನ್ನಾಗಿ ಯಾವ ಕರಿಹಲಗೆಯ ಮೇಲೂ ತಿಳಿಯದು.

ದೊಡ್ಡ ತರಗತಿಯ ಮಕ್ಕಳಿಗೆ ನಾವು ಒಂದು ವಿಶೇಷ ಕೆಲಸವನ್ನು ಸೂಚಿಸುತ್ತೇವೆ. ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗಗಳ ನೀರನ್ನು ಕುಡಿದು ಬಾಳಿದ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಅಂಥ ಮನೆಯ ಮಗು ಪ್ರತಿ ಆದಿತ್ಯವಾರ ಬೆಳಗ್ಗೆ ಸುರಂಗದ ದಂಬೆಯಡಿ ೧೨ ಲೀಟರಿನ ಕೊಡಪಾನವಿಟ್ಟು, ಅದು ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಬರೆಯಲಿ. ಏಪ್ರಿಲ್‌ನಲ್ಲಿ ೪೦ ಸೆಕೆಂಡು ಬೇಕಾಯಿತೆಂದಿರಲಿ. ಗಂಟೆಗೆ ೯೦ ಕೊಡಪಾನ, ೧,೦೮೦ ಲೀಟರು. ಮೇ ತಿಂಗಳ ನಡುವೆ ಅದೇ ಕೊಡಪಾನಕ್ಕೆ ೨ ನಿಮಿಷ ಬೇಕಾಯಿತೆಂದರೆ ಗಂಟೆಗೆ ೩೦ ಕೊಡಪಾನ, ೩೬೦ ಲೀಟರು. ನೀರು ಮೂರರಲ್ಲೊಂದು ಪಾಲಿಗೆ ಇಳಿಯಿತು. ಬಾವಿಯ ಮನೆಯವರು ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗವನ್ನು ಇಳಿಸಿ ನೀರಿನ ಮಟ್ಟವನ್ನು ಅಳೆಯಲಿ. ಆರು ವಾರಗಳ ಆರು ಅಂಕಿಗಳನ್ನು ಚೌಕುಳಿ ಕಾಗದದಲ್ಲಿ ಗೆರೆಯಾಗಿ ಎಳೆದರೆ ನಕ್ಷೆಯ ಪಾಠವೂ ಆಯಿತು. ನೀರನ್ನು ಏಕೆ ಉಳಿಸಬೇಕೆಂಬ ಪಾಠ ಬೇರೆ ಹೇಳಬೇಕಾಗಿಯೂ ಇಲ್ಲ.

ಇವುಗಳ ಜೊತೆಗೆ ದಿನಕ್ಕೆ ಐದು ನಿಮಿಷ ಮಗ್ಗಿ. ಒಂದರಿಂದ ಹತ್ತರ ತನಕ ರಾಗವಾಗಿ ಒಪ್ಪಿಸುವುದಷ್ಟೇ ಸಾಲದು. ನಡುವಿನಿಂದ, ಹಿಂದಿನಿಂದ, ತಿರುಗಿಸಿ ಮುರುಗಿಸಿ ಕೇಳಬೇಕು. ‘೫೬ರಲ್ಲಿ ಎಷ್ಟು ಏಳುಗಳಿವೆ?’ ಎಂದರೆ ತಟ್ಟನೆ ಉತ್ತರ ಬಂದಾಗ ಮಗ್ಗಿ ಬಂದಿತೆಂದು ತಿಳಿಯಬೇಕು.

ಮಾಡಬಾರದ ಕೆಲಸಗಳು

ಇಡೀ ಪಾಠಪುಸ್ತಕವನ್ನು ನಕಲು ಮಾಡಿಸುವುದು ಬೇಡ. ಅದರಿಂದ ಬೆರಳು ನೋಯುತ್ತದೆ, ಬುದ್ಧಿ ಮಲಗುತ್ತದೆ. ಮುಂದಿನ ತರಗತಿಯ ಪಾಠವನ್ನು ಏಪ್ರಿಲ್‌ನಲ್ಲಿಯೇ ಆರಂಭಿಸುವುದೂ ಬೇಡ. ಹಿಂದಿನ ಮೆಟ್ಟಿಲು ಗಟ್ಟಿಯಾಗದೆ ಮುಂದಿನದು ನಿಲ್ಲದು. ನೆರೆಮನೆಯ ಮಗುವಿನೊಂದಿಗೆ ಹೋಲಿಸಿ ಹೀಯಾಳಿಸಬಾರದು. ಅಂಗೈಯ ದೂರವಾಣಿಯನ್ನು ಮಗುವಿನ ಕೈಗೆ ಕೊಟ್ಟು ‘ಕಲಿಯುತ್ತಿದ್ದಾನೆ’ ಎಂದು ಸಮಾಧಾನ ಪಡುವವರೂ ಇದ್ದಾರೆ. ಅದರಲ್ಲಿ ಕತೆ ಕೇಳುವುದು ತಪ್ಪಲ್ಲ. ಆದರೆ ಕೇಳಿದ ಮೇಲೆ ಅದನ್ನು ಕೆಳಗಿರಿಸಿ ಕತೆ ಹೇಳಲು ಮಗುವಿಗೆ ಬರಬೇಕು. ಬಾರದಿದ್ದರೆ ನಡೆದದ್ದು ಕಲಿಕೆಯಲ್ಲ, ಕಾಲಹರಣ.

ಮನೆಕೆಲಸದಲ್ಲಿ ಪಾಲುಗೊಂಡರೆ ಓದು ಕೆಡುತ್ತದೆಂಬ ಭಯವೂ ಬೇಡ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕವಿ ಕೈಯಾರ ಕಿಞ್ಞಣ್ಣ ರೈಗಳು ಕೃಷಿಕರೂ ಆಗಿದ್ದರು; ತಮ್ಮ ಆತ್ಮಕತೆಗೆ ಅವರು ಇಟ್ಟ ಹೆಸರೇ ‘ದುಡಿತವೇ ನನ್ನ ದೇವರು’. ಮಗು ವಯಸ್ಸಿಗೆ ತಕ್ಕ ಕೆಲಸ ಮಾಡಲಿ; ಆ ಕೆಲಸದ ಲೆಕ್ಕವನ್ನು ತಾನೇ ಬರೆದಿಡಲಿ.

ಶಾಲೆಯ ಪಾಲು, ಸಂಘದ ಪಾಲು

ಎಲ್ಲ ಭಾರವನ್ನು ಹೆತ್ತವರ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳಬಾರದು. ಶಾಲೆಯ ಕರ್ತವ್ಯಗಳು ಮೂರು. ಮೊದಲನೆಯದು, ಮಾರ್ಚ್ ತಿಂಗಳಲ್ಲಿ ಮುಚ್ಚುವ ಮುನ್ನ ಪ್ರತಿ ಮಗುವಿನ ಕೈಗೂ ಗ್ರಂಥಾಲಯದ ನಾಲ್ಕು ಪುಸ್ತಕಗಳನ್ನು ಹೆಸರು ಬರೆದುಕೊಂಡು ಕೊಡುವುದು. ಬೀಗ ಹಾಕಿದ ಕಪಾಟಿನಲ್ಲಿ ಪುಸ್ತಕ ಹಾಳಾಗುವುದಿಲ್ಲವೆಂದು ತಿಳಿಯುವವರು ಗೆದ್ದಲನ್ನು ಮರೆತಿದ್ದಾರೆ. ಎರಡನೆಯದು, ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಎರಡು ಗಂಟೆ ಗ್ರಂಥಾಲಯವನ್ನು ತೆರೆದಿಡುವುದು. ಹಿರಿಯ ವಿದ್ಯಾರ್ಥಿಗಳು ಸರದಿಯಂತೆ ಕುಳಿತರೆ ಪುಸ್ತಕ ಬದಲಿಸುವುದೂ, ಕಿರಿಯರ ಓದು ಕೇಳುವುದೂ ಆಗುತ್ತದೆ. ಮೂರನೆಯದು, ಜೂನ್ ತಿಂಗಳ ಮೊದಲ ಎರಡು ವಾರಗಳನ್ನು ಹಳೆಯ ಪಾಠದ ಪುನರಭ್ಯಾಸಕ್ಕೆ ಮೀಸಲಿಡುವುದು. ಮರೆತದ್ದನ್ನು ಮತ್ತೆ ಕಲಿಯಲು ಕಡಿಮೆ ಹೊತ್ತು ಸಾಕೆಂಬ ಎಬ್ಬಿಂಗ್‌ಹೌಸರ ಮಾತು ಇಲ್ಲಿ ಕೈಹಿಡಿಯುತ್ತದೆ. ಆ ಎರಡು ವಾರ ಅಂಕವಿಲ್ಲ, ಗದರಿಕೆಯಿಲ್ಲ. ಯಾವ ಮಗು ಎಲ್ಲಿ ನಿಂತಿದೆಯೆಂದು ತಿಳಿದ ಮೇಲೆಯೇ ಹೊಸ ಪಾಠ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ ಇದೆ. ರಜೆಯಲ್ಲಿ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ಇಷ್ಟು ಭಾಷೆಗಳ ನಡುವೆ ಬಾಳಿ, ಅನೇಕ ಭಾಷೆಗಳನ್ನು ಕಲಿತು, ಕನ್ನಡದಲ್ಲಿ ಬರೆದ ಒಬ್ಬ ದೊಡ್ಡವರು ತಮ್ಮ ಊರ ಪಕ್ಕದಲ್ಲಿಯೇ ಇದ್ದರೆಂಬುದು ಅವರಿಗೆ ತಿಳಿಯುತ್ತದೆ. ಬಂದ ಮೇಲೆ ಹತ್ತು ವಾಕ್ಯ ಬರೆಯಲು ಬೇರೆ ವಿಷಯ ಹುಡುಕಬೇಕಾಗಿಲ್ಲ.

ನಮ್ಮ ಸಂಘದ ಸದಸ್ಯರಲ್ಲಿಯೂ ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಬಹುಮಾನದ ಫಲಕಗಳಿಗೆ, ಬೆಳ್ಳಿಯ ಲೋಟಗಳಿಗೆ ತಾವು ಕೊಡುವ ಹಣದಲ್ಲಿ ಒಂದು ಪಾಲನ್ನು ಮಕ್ಕಳ ಕತೆಪುಸ್ತಕಗಳಿಗಾಗಿ ಮೀಸಲಿಡಬೇಕು. ಬರುವ ಮಾರ್ಚ್ ತಿಂಗಳ ಮೊದಲನೆಯ ವಾರದೊಳಗೆ ಪುಸ್ತಕಗಳು ಶಾಲೆಗೆ ತಲಪುವಂತೆ ನೋಡಿಕೊಳ್ಳಬೇಕು. ಶಾಲೆ ಮುಚ್ಚುವ ದಿನ ಮಗು ಬರಿಗೈಯಲ್ಲಿ ಮನೆಗೆ ಹೋಗಬಾರದು. ಹೆತ್ತವರು ಬೆಳಗ್ಗಿನ ನಲುವತ್ತು ನಿಮಿಷಗಳನ್ನು ಕೊಡಲಿ, ಸಂಘ ಪುಸ್ತಕಗಳನ್ನು ಕೊಡಲಿ. ಜೂನ್ ತಿಂಗಳಲ್ಲಿ ಆ ಮಗುವನ್ನು ಬಿಟ್ಟಲ್ಲಿಂದ ಮುಂದಕ್ಕೆ ಕರೆದೊಯ್ಯುವ ಹೊಣೆಯನ್ನು ಅಧ್ಯಾಪಕರಾದ ನಾವು ಸಂತೋಷದಿಂದ ಹೊರುತ್ತೇವೆ.